ತುಪ್ಪುಳದ ನಡುಗಡ್ಡೆ

ಜೊವಾನಸಿಯ ದೋಣಿಯಲ್ಲಿ ಅವತ್ತು ಹೆಂಗಸರೇ ತುಂಬಿದ್ದೆವು. ಉತ್ತರದ ನಮ್ಮ ಹಿಮಗಡಲಿನಲ್ಲಿ ಕಡಲಬಾತುಗಳು ಮೊಟ್ಟೆ ಇಟ್ಟು ಕಾವಿಗೆ ಕೂತಿದ್ದ ಕಾಲ. ಪ್ರತಿ ನಡುಗಡ್ಡೆಗೂ ಇಬ್ಬರಿಬ್ಬರನ್ನು ಇಳಿಸಿ, ಸಂಜೆ ಬಂದು ತುಪ್ಪುಳದ ಚೀಲಗಳ ಸಮೇತ ಕರೆದುಕೊಂಡು ಹೋಗುವುದು ಅವನ ಕೆಲಸ. ಲೀಟಿಯಾ ಮುದುಕಿಯ ಜೊತೆ ಇಳಿಯುವುದಕ್ಕೆ ಯಾರೂ ತಯಾರಿರಲಿಲ್ಲ. ಅವಳ ಬಾಯಿಗೆ ಸಿಕ್ಕಿಬಿದ್ದರೆ ಇಡೀ ದಿನ ನಮ್ಮ ಹೊಲಿಗೆ ಸರಿಯಿಲ್ಲ, ನಮ್ಮ ಗಂಡಂದಿರು ಸರಿಯಿಲ್ಲ. ಒಬ್ಬೊಬ್ಬರೇ ಜಾಣತನದಿಂದ ಇಳಿದುಕೊಂಡು ಹೋದೆವು. ಕೊನೆಗೆ ದೋಣಿಯಲ್ಲಿ ಉಳಿದವರು ಇಬ್ಬರೇ, ಲೀಟಿಯಾ ಮತ್ತು ಅವಳ ಸೊಸೆ ಅಕಿನಿಸಿ.

ಜೊವಾನಸಿ ಲೀಟಿಯಾಳ ಸ್ವಂತ ತಮ್ಮ. ಅವನಿಗೆ ನಗು ತಡೆಯಲಾಗಲಿಲ್ಲವಂತೆ. "ಇಳೀರಿ ಇಬ್ರೂ. ಸಂಜೆ ನಾನು ಬರೋಷ್ಟರಲ್ಲಿ ಒಬ್ರನ್ನೊಬ್ರು ತಿಂದು ಮುಗಿಸಿರಬೇಡಿ" ಅಂದನಂತೆ.

"ಇವಳಲ್ಲಿ ತಿನ್ನೋಕೆ ಏನಿದೆ? ಬರೀ ಮೂಳೆ" ಅಂದು ಲೀಟಿಯಾ ಚೀಲ ಹೊತ್ತು ಇಳಿದಳು.

ಅಕಿನಿಸಿ ನನ್ನ ದೊಡ್ಡಪ್ಪನ ಮಗಳು. ಅತ್ತೆ ಸೊಸೆ ಇಬ್ಬರ ಬಾಯಿಂದಲೂ ಬೇರೆ ಬೇರೆ ಕೂತು ಕೇಳಿದ ಕಥೆ ಇದು. ಇಬ್ಬರೂ ಹೇಳಿದ್ದರಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

ಅವರಿಬ್ಬರೂ ಒಂದೇ ಡೇರೆಯಲ್ಲಿದ್ದೂ ಚಳಿಗಾಲವಿಡೀ ಸರಿಯಾಗಿ ಮಾತಾಡಿರಲಿಲ್ಲ. ಕಾರಣ ಒಂದು ಏಳು ವರ್ಷದ ಹುಡುಗಿ. ಅಕಿನಿಸಿ ಹೆತ್ತ ಒಂದೇ ಮಗು ಅದು. ಮಗುವಿಗೆ ಇನ್ನೂ ಹಾಲು ಬಿಡಿಸಿರಲಿಲ್ಲ, ಅಷ್ಟರಲ್ಲಿ ಡಾಕ್ಟರರ ಹಡಗು ಬಂತು. ಎಲ್ಲರ ಎದೆಯ ಫೋಟೋ ತೆಗೆದರು. ಅಕಿನಿಸಿಯ ಶ್ವಾಸಕೋಶದಲ್ಲಿ ಕಲೆ ಇದೆ, ಕ್ಷಯ ಅಂದು ಕೈಗೆ ಚೀಟಿ ಕಟ್ಟಿ, ದಡಕ್ಕೂ ಇಳಿಯಗೊಡದೆ ದಕ್ಷಿಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿಬಿಟ್ಟರು. ಅವಳು ವಾಪಸ್ ಬರುವಷ್ಟರಲ್ಲಿ ಎರಡು ಚಳಿಗಾಲ ಕಳೆದಿತ್ತು. ಮಗು ಅವಳನ್ನು ನೋಡಿ ಲೀಟಿಯಾಳ ಬೆನ್ನ ಹಿಂದೆ ಅಡಗಿಕೊಂಡಿತು.

ಅದಕ್ಕಿಂತ ದೊಡ್ಡ ತೊಡಕು ಹೆಸರಿನದು. ಹುಡುಗಿಗೆ ಸಿವುವಾಕ್ ಅಂತ ಇಟ್ಟಿದ್ದರು. ಅದು ಲೀಟಿಯಾಳ ತೀರಿಹೋದ ತಾಯಿಯ ಹೆಸರು. ನಮ್ಮಲ್ಲಿ ಹೆಸರು ಯಾರದೋ ಅವರೇ ಮತ್ತೆ ಬಂದಂತೆ. ಹಾಗಾಗಿ ಲೀಟಿಯಾ ಆ ಪುಟ್ಟ ಹುಡುಗಿಯನ್ನು "ಅಮ್ಮಾ" ಅಂತಲೇ ಕರೆಯುತ್ತಿದ್ದಳು, ಹುಡುಗಿ ಮುದುಕಿಯನ್ನು "ಮಗಳೇ" ಅನ್ನುತ್ತಿತ್ತು. ಹೆತ್ತವಳನ್ನು ಮಾತ್ರ "ಅಕಿನಿಸಿ" ಅಂತ ಹೆಸರು ಹಿಡಿದು ಕೂಗುತ್ತಿತ್ತು.

ಗಂಡ ಬದುಕಿರುವವರೆಗೆ ಅಕಿನಿಸಿ ಇದನ್ನೆಲ್ಲ ನುಂಗಿಕೊಂಡಿದ್ದಳು. ಒಂದು ಚಳಿಗಾಲ ಅವನು ನಾಯಿಗಳು ಎಳೆಯುವ ಜಾರುಗಾಡಿಯ ಸಮೇತ, ಕಡಲ ಮೇಲಿನ ತೆಳು ಹಿಮ ಒಡೆದು ಮುಳುಗಿಹೋದ. ಅದಾದ ಮೇಲಿನ ಬೇಸಿಗೆಯಲ್ಲಿ ಪೂರ್ವಕ್ಕೆ ಕಡಲಾಚೆ ಇರುವ ದೊಡ್ಡ ನೆಲದಿಂದ ಮಾರ್ಕುಸಿ ಅನ್ನುವವನು ಬಂದ. ಮಾತು ಕಡಿಮೆ, ಕೆಲಸ ಚೆನ್ನಾಗಿ ಬರುವ ಮನುಷ್ಯ. ಮುಂದಿನ ಬೇಸಿಗೆ ಹಿಮ ಸರಿದ ಕೂಡಲೇ ಬಂದು ನಿನ್ನನ್ನೂ ನಿನ್ನ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ ಅಂದಿದ್ದ. ಲೀಟಿಯಾ ಕೇಳಿ ಒಂದೇ ಮಾತು ಹೇಳಿದ್ದಳು: "ನೀನು ಬೇಕಾದ್ರೆ ಹೋಗು. ನನ್ನ ಅಮ್ಮ ಎಲ್ಲಿಗೂ ಬರಲ್ಲ." ಅಲ್ಲಿಂದ ಮುಂದೆ ಮಾತು ನಿಂತಿತ್ತು.

ಹೀಗಿದ್ದವರು ಆ ನಡುಗಡ್ಡೆಯಲ್ಲಿ ಇಳಿದರು. ಒಂದು ತುದಿಯಿಂದ ಕೂಗಿದರೆ ಇನ್ನೊಂದು ತುದಿಗೆ ಕೇಳುವಷ್ಟು ಚಿಕ್ಕ ಬಂಡೆ ಅದು, ಮಧ್ಯೆ ಪಾಚಿ, ಗಿಡ್ಡ ಹುಲ್ಲು. ಎಲ್ಲಿ ಕಾಲಿಟ್ಟರೂ ಗೂಡು. ಕಂದು ಬಣ್ಣದ ಹೆಣ್ಣು ಬಾತು ಕಲ್ಲಿನ ಹಾಗೆ ಕೂತಿರುತ್ತದೆ, ಕೈ ಮೈಗೆ ತಾಗುವವರೆಗೂ ಏಳುವುದಿಲ್ಲ. ಎದ್ದರೆ ಮೊಟ್ಟೆಗಳ ಮೇಲೆ ನಾರುವ ಹಿಕ್ಕೆ ಹಾಕಿಯೇ ಏಳುತ್ತದೆ. ಅದರ ಕೆಳಗೆ ತನ್ನದೇ ಎದೆಯಿಂದ ಕಿತ್ತು ಹಾಸಿದ ತುಪ್ಪುಳ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ, ಆದರೆ ನಾಲ್ಕು ಉಸಿರು ಬಿಡುವಷ್ಟರಲ್ಲಿ ಅಂಗೈ ಬೆಚ್ಚಗಾಗುತ್ತದೆ. ಅರ್ಧ ತೆಗೆದುಕೊಂಡು ಅರ್ಧ ಮೊಟ್ಟೆಗಳ ಮೇಲೆ ಹೊದಿಸಿ ಮುಂದೆ ಹೋಗಬೇಕು. ಇಬ್ಬರೂ ನಡುಗಡ್ಡೆಯನ್ನು ಪಾಲು ಮಾಡಿಕೊಂಡವರಂತೆ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಕೆಲಸ ಮಾಡಿದರು.

ಮಧ್ಯಾಹ್ನ ದಾಟುತ್ತಿದ್ದ ಹಾಗೆ ಗಾಳಿ ಪಶ್ಚಿಮಕ್ಕೆ ತಿರುಗಿತು. ದೂರದಲ್ಲಿ ಬಿಳಿ ಗೆರೆಯಂತಿದ್ದ ಹಿಮಗಡ್ಡೆಗಳ ರಾಶಿ ಹತ್ತಿರ ಬರತೊಡಗಿತು. ಜೊವಾನಸಿ ಗಾಬರಿಯಿಂದ ನಮ್ಮನ್ನೆಲ್ಲ ಹತ್ತಿಸಿಕೊಂಡ. ಕೊನೆಯ ನಡುಗಡ್ಡೆಯ ದಾರಿ ಅಷ್ಟರಲ್ಲಿ ಮುಚ್ಚಿತ್ತು. ಎರಡು ಸಲ ನುಗ್ಗಲು ನೋಡಿದ, ದೋಣಿಯ ಪಕ್ಕೆ ಕಿರ್ರೆಂದಿತು. ನಾವು ಕಿರುಚಿದ್ದಕ್ಕೆ ತಿರುಗಿಸಿದ. "ಗುಡಿಸಲಿದೆ, ರೊಟ್ಟಿ ಇದೆ. ಗಾಳಿ ತಿರುಗಿದ ತಕ್ಷಣ ಬರ್ತೀನಿ. ಅಕ್ಕನಿಗೆ ಬೈಯೋಕೆ ಜನ ಇದೆ, ಬೇಜಾರಾಗಲ್ಲ" ಅಂದ. ಯಾರೂ ನಗಲಿಲ್ಲ. ಇದ್ದ ಒಂದೇ ಬಂದೂಕು ಅವನ ಕಾಲ ಬುಡದಲ್ಲಿತ್ತು.

ಆ ಗುಡಿಸಲು ಅಂದರೆ ಚೀಲ ಇಡಲೆಂದು ತುಪ್ಪುಳ ಕೊಳ್ಳುವ ಸಂಘದವರು ಪ್ಲೈವುಡ್ಡಿನಲ್ಲಿ ಹೊಡೆದ ಒಂದು ಪೆಟ್ಟಿಗೆ. ಬಾಗಿಲು, ಒಳಗಿಂದ ಕಟ್ಟುವ ಹಗ್ಗ, ಪ್ಲಾಸ್ಟಿಕ್ ಹೊದಿಸಿದ ಒಂದು ಕಿಟಕಿ. ಇಬ್ಬರು ಮಲಗಿದರೆ ಮೂರನೆಯವರು ನಿಲ್ಲಬೇಕು. ಒಳಗೆ ಅವರ ಬಳಿ ಇದ್ದದ್ದು ಒಂದು ಕೆಟಲ್ ನೀರು, ಒಂದು ಅಡುಗೆ ಪಾತ್ರೆ, ರೊಟ್ಟಿ, ಬೇಯಿಸಿದ ಸೀಲ್ ಮಾಂಸ, ಸೀಮೆಎಣ್ಣೆ ಮುಗಿಯುತ್ತ ಬಂದ ಪ್ರೈಮಸ್ ಒಲೆ, ಮತ್ತೆ ಆ ದಿನ ತುಂಬಿಸಿದ ತುಪ್ಪುಳದ ಚೀಲಗಳು. ಮೊದಲ ರಾತ್ರಿ ಗೋಡೆಗೆ ಮುಖ ಮಾಡಿ ಒಬ್ಬಳು, ಬಾಗಿಲಿಗೆ ಮುಖ ಮಾಡಿ ಒಬ್ಬಳು ಮಲಗಿದರು.

ಬೆಳಿಗ್ಗೆ ಅಕಿನಿಸಿ ಬಾಗಿಲು ತೆರೆದು ಹೊರಗೆ ಕಾಲಿಟ್ಟಳು. ಕಡಲ ತುಂಬ ಹಿಮಗಡ್ಡೆ, ನೀರಿನ ಒಂದು ಗೆರೆಯೂ ಇಲ್ಲ. ನಡುಗಡ್ಡೆಯ ಆ ತುದಿಯಲ್ಲಿ ಒಂದೊಂದೇ ಬಾತು ಪಟಪಟನೆ ಏಳುತ್ತಿತ್ತು. ಏಳುತ್ತಿದ್ದ ಜಾಗದಲ್ಲಿ ಹಳದಿ ಮಿಶ್ರಿತ ಬಿಳಿಯ ಬೆನ್ನೊಂದು ತಗ್ಗಿ ಮೇಲಾಗುತ್ತಿತ್ತು. ಅವಳು ಹಿಮ್ಮುಖವಾಗಿ ಒಳಗೆ ಬಂದು ಹಗ್ಗ ಬಿಗಿದಳು.

"ಏನು?" ಅಂದಳು ಲೀಟಿಯಾ. ಎಷ್ಟೋ ತಿಂಗಳ ಮೇಲೆ ಅವಳು ಸೊಸೆಗೆ ಕೇಳಿದ ಮೊದಲ ಪ್ರಶ್ನೆ.

"ಕರಡಿ."

"ದೊಡ್ಡದಾ?"

"ಹೋಗಿ ಅಳತೆ ತಗೊಂಡು ಬರ್ಲಾ?"

ಲೀಟಿಯಾ ಹಲಗೆಯ ಸಂದಿನಲ್ಲಿ ಕಣ್ಣಿಟ್ಟು ನೋಡಿದಳು. ಬಿಳಿಕರಡಿಗೆ ಅವಸರವೇ ಇರಲಿಲ್ಲ. ಗೂಡಿನಿಂದ ಗೂಡಿಗೆ ಹೋಗುತ್ತ, ಮೂಗಿನಿಂದ ತುಪ್ಪುಳ ಸರಿಸಿ, ಮೊಟ್ಟೆಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. "ಮೊಟ್ಟೆ ಮುಗಿಯೋವರೆಗೂ ಇದು ಹೋಗಲ್ಲ" ಅಂದಳು. "ಮುಗಿದ ಮೇಲೆ ನಮ್ಮ ಸರದಿ."

ಇಡೀ ದಿನ ಅವರು ಆ ಸಂದಿಗೆ ಕಣ್ಣು ಹಚ್ಚಿ ಕೂತರು. ಕೆಮ್ಮು ಬಂದರೆ ಅಕಿನಿಸಿ ಚೀಲದಲ್ಲಿ ಮುಖ ಹುದುಗಿಸುತ್ತಿದ್ದಳು. ಮೂತ್ರಕ್ಕೆ ಅಡುಗೆ ಪಾತ್ರೆ. ಗುಡಿಸಲಿನ ಗೋಡೆಗೆ ಅಂಟಿದ ಹಾಗೆ ಒಂದು ಗೂಡಿತ್ತು. ಅದರ ಮೇಲಿನ ಬಾತು ಕರಡಿ ಎಷ್ಟು ಹತ್ತಿರ ಸುಳಿದರೂ ತಲೆಯನ್ನು ರೆಕ್ಕೆಯೊಳಗೆ ಒತ್ತಿಕೊಂಡು ಕೂತೇ ಇತ್ತು. "ಎದ್ದು ಹೋಗೇ ದರಿದ್ರದ್ದೇ, ರೆಕ್ಕೆ ಇದೆಯಲ್ಲ ನಿಂಗೆ" ಅಂತ ಅಕಿನಿಸಿ ಪಿಸುಗುಟ್ಟಿದಳು. ಅವಳಿಗೆ ಆಸ್ಪತ್ರೆಯ ನೆನಪಾಗುತ್ತಿತ್ತಂತೆ. ಅಲ್ಲೂ ಹೀಗೇ, ಗಾಜಿನ ಹಿಂದೆ ಮಲಗಿ ಹೊರಗೆ ನಡೆಯುವುದನ್ನು ನೋಡಬೇಕು, ಏಳಬಾರದು, ಯಾವಾಗ ಬಿಡುತ್ತಾರೆ ಅಂತ ಕೇಳಿದರೆ ಯಾರಿಗೂ ಅವಳ ಭಾಷೆ ಬರದು. ಎರಡು ವರ್ಷ ಅವಳು ಅಲ್ಲಿ ಕಿಟಕಿಯ ಚೌಕಟ್ಟನ್ನು ನೋಡಿಕೊಂಡೇ ಇದ್ದವಳು.

ಮರುದಿನ ಮಂಜು ಕವಿಯಿತು. ಕರಡಿ ಎಲ್ಲಿದೆ ಅಂತ ಕಾಣದು. ಕೇಳುತ್ತಿತ್ತು ಮಾತ್ರ. ಮೊಟ್ಟೆ ಒಡೆಯುವ ಸದ್ದು, ಉಸಿರು. ಆಮೇಲೆ ಗೋಡೆ ಅಲುಗಾಡಿತು. ಅದು ಬೆನ್ನು ತಿಕ್ಕಿಕೊಳ್ಳುತ್ತಿತ್ತು.

"ಮಾಂಸದ ವಾಸನೆ" ಅಂದಳು ಅಕಿನಿಸಿ. "ಹೊರಗೆ ಎಸೆದುಬಿಡೋಣ ಅತ್ತೆ."

"ಎಸೆದ್ರೆ ಇಲ್ಲಿ ಊಟ ಹಾಕ್ತಾರೆ ಅಂತ ತಿಳ್ಕೊಂಡು ಬಾಗಿಲಲ್ಲೇ ಕೂರುತ್ತೆ. ಎಲ್ಲಾ ಎಸೆಯೋದೇ ನಿಂಗೆ."

"ನಾನು ಏನು ಎಸೆದಿದ್ದೀನಿ?"

ಉತ್ತರ ಬರುವ ಮೊದಲೇ ಕಿಟಕಿಯ ಪ್ಲಾಸ್ಟಿಕ್ ಹರಿಯಿತು. ಕಪ್ಪು ಮೂಗೊಂದು ಒಳಗೆ ಬಂತು. ಲೀಟಿಯಾ ಕೈಗೆ ಸಿಕ್ಕ ಒಲೆಯಿಂದ ಅದರ ಮೇಲೆ ಬಾರಿಸಿದಳು. ಮೂಗು ಹಿಂದೆ ಹೋಯಿತು. ಅಕಿನಿಸಿ ತುಪ್ಪುಳದ ದೊಡ್ಡ ಚೀಲವನ್ನು ಎಳೆದು ಕಿಟಕಿಗೆ ತುರುಕಿದಳು, ಇಬ್ಬರೂ ಹೆಗಲು ಕೊಟ್ಟು ಒತ್ತಿದರು. ಒಂದು ಕ್ಷಣ ಸದ್ದಿಲ್ಲ. ಆಮೇಲೆ ಹೊರಗಿನಿಂದ ಎಳೆತ ಶುರುವಾಯಿತು.

"ಬಿಡಿ ಅತ್ತೆ! ತಗೊಂಡು ಹೋಗ್ಲಿ!"

"ಬಿಡಲ್ಲ! ನನ್ನ ಚೀಲ ಕಣೋ, ಬಿಡೋ ಬೋಳೀಮಗನೇ!"

ಚೀಲ ಹರಿಯಿತು. ಗುಡಿಸಲಿನ ಒಳಗೂ ಹೊರಗೂ ತುಪ್ಪುಳ ಹೊಗೆಯ ಹಾಗೆ ಎದ್ದಿತು. ಅದರ ನಡುವಿನಿಂದ ಪಂಜವೊಂದು ಒಳಗೆ ಬಂದು, ಲೀಟಿಯಾಳ ಬಲಗೈಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಗೀಚಿಕೊಂಡು ಹೊರಗೆ ಹೋಯಿತು. ಹೊರಗೆ ಕರಡಿ ಸೀನಿತು. ಮತ್ತೆ ಸೀನಿತು. ಬಾಯಿ ಮೂಗು ಕಣ್ಣು ಎಲ್ಲ ಕಡೆ ತುಪ್ಪುಳ ಅಂಟಿ, ಕುಂಡೆಯೂರಿ ಕೂತು ಬೆಕ್ಕಿನ ಹಾಗೆ ಮುಂಗಾಲಿನಿಂದ ಮುಖ ಒರೆಸಿಕೊಳ್ಳುತ್ತಿತ್ತು. ನೋಡಿ ಅಕಿನಿಸಿಗೆ ನಗು ಬಂತು. ತಡೆಯಲಾರದೆ ಬಾಯಿಗೆ ಕೈ ಒತ್ತಿಕೊಂಡಳು. ಲೀಟಿಯಾಳೂ ನಗುತ್ತಿದ್ದಳು. ನಗುತ್ತಲೇ ಕೆಳಗೆ ಕುಸಿದಳು. ಆಗ ಅಕಿನಿಸಿಗೆ ರಕ್ತ ಕಂಡಿತು.

"ಬಿಡಿ ಅಂದ್ನಲ್ಲ ಅತ್ತೆ" ಅಂದಳು, ಲಂಗದ ಒಳಬಟ್ಟೆ ಹರಿಯುತ್ತ. "ಬಿಡೋದು ಅಂದ್ರೆ ನಿಮಗೆ ಹುಟ್ಟಿದಾಗಿಂದ ಗೊತ್ತಿಲ್ಲ."

"ತುಪ್ಪುಳ ಒತ್ತು. ರಕ್ತ ಹಿಡಿಯುತ್ತೆ. ಮಾತು ಆಮೇಲೆ ಆಡು."

ರಕ್ತ ನಿಂತಿತು. ಸಂಜೆಗೆ ಮುದುಕಿಗೆ ನಡುಕ ಹಿಡಿಯಿತು. ಕಿಟಕಿಯಿದ್ದ ಜಾಗದಿಂದ ಮಂಜು ಒಳಗೆ ಸುರಿಯುತ್ತಿತ್ತು. ಅದಕ್ಕೆ ಚೀಲಗಳನ್ನು ಮತ್ತೆ ತುರುಕಲು ಧೈರ್ಯವಾಗದೆ, ಅಕಿನಿಸಿ ನೆಲದ ಹಲಗೆಯೊಂದನ್ನು ಕಿತ್ತು, ಒಲೆಯ ಬುಡದಿಂದ ಬಡಿದು ಅಡ್ಡ ಕೂರಿಸಿದಳು. ಉಳಿದ ಚೀಲಗಳ ಬಾಯಿ ಬಿಚ್ಚಿ, ಹುಲ್ಲು ಹಿಕ್ಕೆ ಸಮೇತ ಅಷ್ಟನ್ನೂ ಅತ್ತೆಯ ಮೇಲೆ ಸುರಿದಳು. ತಾನೂ ಅದರೊಳಗೆ ತೂರಿ ಅವಳ ಬೆನ್ನಿಗೆ ಎದೆ ಒತ್ತಿ ಮಲಗಿದಳು. ಮದುವೆಯಾಗಿ ಬಂದ ಮೇಲೆ ಅವಳು ಅತ್ತೆಯನ್ನು ಅಷ್ಟು ಹತ್ತಿರದಿಂದ ಮುಟ್ಟಿದ್ದು ಅದೇ ಮೊದಲು. ಎಷ್ಟು ಸಣ್ಣ ಬೆನ್ನು ಅದು ಅಂತ ಅವಳು ನನಗೆ ಆಮೇಲೆ ಹೇಳಿದಳು.

ನೀರು ಮುಗಿದದ್ದು ಅದಾದ ಮೇಲಿನ ದಿನ. ಮುದುಕಿಯ ಮೈ ಕಾದ ಕಲ್ಲಾಗಿತ್ತು, ತುಟಿ ಬಿರಿದಿತ್ತು. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತಿದ್ದ ಗುಂಡಿ ಒಂದು ಕಲ್ಲೆಸೆತದ ದೂರದಲ್ಲಿತ್ತು. ಮಂಜು ಸರಿದಾಗ ಕರಡಿ ಆ ತುದಿಯಲ್ಲಿ ಮಲಗಿದ್ದು ಕಂಡಿತು. ಅಕಿನಿಸಿ ಕೆಟಲ್ ಹಿಡಿದು, ಬೂಟು ಕಳಚಿ, ಬರಿ ಕಾಲಚೀಲದಲ್ಲಿ ಹೊರಟಳು. ಕಾಲ ಕೆಳಗೆಲ್ಲ ಒಡೆದ ಚಿಪ್ಪು, ಹಳದಿ ಲೋಳೆ, ಗಾಳಿಗೆ ಉರುಳುವ ತುಪ್ಪುಳ. ಗುಂಡಿಯ ಹತ್ತಿರ ಇನ್ನೂ ಕೂತಿದ್ದ ಒಂದು ಬಾತನ್ನು ಅವಳು ನೋಡಲಿಲ್ಲ. ಅದು ಕಾಲಡಿಯಿಂದಲೇ ಚಿಮ್ಮಿ ಕೂಗಿತು. ಕರಡಿ ತಲೆ ಎತ್ತಿತು.

ಅವಳು ಓಡಲಿಲ್ಲ. ಓಡಿದರೆ ನೀರು ಚೆಲ್ಲುತ್ತದೆ ಅನ್ನುವುದೊಂದೇ ತಲೆಯಲ್ಲಿತ್ತಂತೆ. ಕೆಟಲನ್ನು ಎರಡೂ ಕೈಯಲ್ಲಿ ಹಿಡಿದು ನಡೆದಳು. ಹಿಂದೆ ಕಲ್ಲು ಉರುಳುವ ಸದ್ದು ಕೇಳಿತು. ಗುಡಿಸಲಿನೊಳಗೆ ಲೀಟಿಯಾ ಎದ್ದು ಕೂತು, ಎಡಗೈಯಲ್ಲಿ ಪಾತ್ರೆಯನ್ನು ಗೋಡೆಗೆ ಬಡಿಯುತ್ತ ಊರಿನ ಎಲ್ಲರಿಗೂ ಬೈಯುವ ಬೈಗುಳಗಳನ್ನು ಒಟ್ಟಿಗೆ ಕೂಗುತ್ತಿದ್ದಳು. ಕರಡಿ ಗೊಂದಲಗೊಂಡು ನಿಂತಿತು. ಅಕಿನಿಸಿ ಒಳಗೆ ಬಂದು ಹಗ್ಗ ಬಿಗಿಯುವುದಕ್ಕೆ ಅಷ್ಟು ಹೊತ್ತು ಸಾಕಾಯಿತು.

ನೀರು ಕುಡಿದು ಮುದುಕಿ ಮತ್ತೆ ತುಪ್ಪುಳದೊಳಗೆ ಒರಗಿದಳು. ಆಮೇಲೆ ಹೇಳಿದಳು: "ನೀನು ಹೊರಗೆ ಹೋದಾಗ ನಂಗೆ ಒಂದು ಯೋಚನೆ ಬಂತು. ಇವಳು ಸತ್ರೆ ಹುಡುಗಿ ನನ್ನ ಹತ್ರಾನೇ ಇರುತ್ತೆ ಅಂತ."

ಅಕಿನಿಸಿ ಕೆಟಲಿನ ಮುಚ್ಚಳ ಹಾಕಿ ಬದಿಗಿಟ್ಟಳು.

"ಅದಕ್ಕೇ ಪಾತ್ರೆ ಬಡಿದೆ. ಅಂಥಾ ಯೋಚನೆ ಇಟ್ಕೊಂಡು ಬದುಕೋಕಾಗಲ್ಲ. ಮಾರ್ಕುಸಿ ಬಂದಾಗ ಕರ್ಕೊಂಡು ಹೋಗು ಅವಳನ್ನ."

"ನಿಮ್ಮಮ್ಮನ್ನ?"

"ನಿನ್ನ ಮಗಳನ್ನ" ಅಂದಳು ಲೀಟಿಯಾ, ಮುಖ ಆ ಕಡೆ ತಿರುಗಿಸಿ.

ಇಷ್ಟು ವರ್ಷ ಕಾದಿದ್ದ ಮಾತು ಅದು. ಕೇಳಿದರೆ ಹಗುರಾಗಬೇಕಿತ್ತು. ಆದರೆ ಅಕಿನಿಸಿಗೆ ಆ ಪೆಟ್ಟಿಗೆಯಂಥ ಗುಡಿಸಲು ಇನ್ನೂ ಇಕ್ಕಟ್ಟಾದಂತೆ ಆಯಿತಂತೆ. ಯಾಕೆ ಅಂತ ಅವಳಿಗೆ ಆಗ ತಿಳಿಯಲಿಲ್ಲ.

ಗಾಳಿ ತಿರುಗಿದ್ದು ಅದರ ಮಾರನೆಯ ದಿನ. ಜೊವಾನಸಿ ಮತ್ತು ನನ್ನ ಗಂಡ ಹಿಮಗಡ್ಡೆಗಳ ನಡುವೆ ಹುಟ್ಟು ಹಾಕುತ್ತ, ಕೆಲವು ಕಡೆ ದೋಣಿಯನ್ನು ಎತ್ತಿ ಎಳೆಯುತ್ತ ಹೋದರು. ದೋಣಿ ನೋಡಿದ ಕರಡಿ ನೀರಿಗೆ ಇಳಿಯಿತು, ಅಲ್ಲೇ ಹೊಡೆದರು. ಸೀಳಿದಾಗ ಹೊಟ್ಟೆ ತುಂಬ ಮೊಟ್ಟೆಯ ಲೋಳೆ, ಅದರಲ್ಲಿ ನೆನೆದ ತುಪ್ಪುಳದ ಉಂಡೆಗಳು. ನಡುಗಡ್ಡೆಯಲ್ಲಿ ಒಂದು ಗೂಡೂ ಉಳಿದಿರಲಿಲ್ಲ. ಗೋಡೆಗೆ ಅಂಟಿ ಕೂತಿದ್ದ ಬಾತು ಕೂಡ ಯಾವಾಗ ಎದ್ದು ಹೋಯಿತೋ. ಬಾತುಗಳೆಲ್ಲ ಸ್ವಲ್ಪ ದೂರದ ನೀರಿನಲ್ಲಿ ಗುಂಪಾಗಿ ತೇಲುತ್ತ ದಡದ ಕಡೆಗೇ ನೋಡುತ್ತಿದ್ದವಂತೆ.

ಗುಡಿಸಲಿನ ಬಾಗಿಲು ತೆರೆದಾಗ ಎರಡು ತಲೆಗಳು ಮಾತ್ರ ತುಪ್ಪುಳದಿಂದ ಹೊರಗೆ ಕಾಣುತ್ತಿದ್ದವು. ಜೊವಾನಸಿ ಬಾಯಿಗೆ ಬಂದ ತಮಾಷೆಯನ್ನು ಅಲ್ಲೇ ನುಂಗಿದ. ಅಕ್ಕನ ಕೈ ಊದಿ ಕಪ್ಪಾಗಿತ್ತು.

ವಿಮಾನದಲ್ಲಿ ಬಂದ ನರ್ಸಮ್ಮ ಗಾಯದಲ್ಲಿ ಅಂಟಿದ ತುಪ್ಪುಳವನ್ನು ಚಿಮುಟದಿಂದ ಕೀಳುತ್ತ ಬೈದಳು. ಕೈ ಉಳಿಯಿತು. ಬೆರಳುಗಳು ಮಾತ್ರ ಮಡಚಲಿಲ್ಲ. ಇಡೀ ಊರಿಗೆ ಹೊಲಿಗೆಯ ತಪ್ಪು ಹೇಳುತ್ತಿದ್ದವಳು ಸೂಜಿ ಹಿಡಿಯದಾದಳು, ಚರ್ಮ ಕೆರೆಯುವ ಚಾಕು ಹಿಡಿಯದಾದಳು. ತೊಡುವುದನ್ನೆಲ್ಲ ಚರ್ಮದಿಂದ ನಾವೇ ಹೊಲಿದುಕೊಳ್ಳುವ ನಮ್ಮ ಕಡಲಿನಲ್ಲಿ ಹೊಲಿಯಲಾಗದ ಹೆಂಗಸಿಗೆ ಚಳಿಗಾಲ ಅಂದರೆ ಏನು ಅಂತ ಹೇಳಬೇಕಿಲ್ಲ. ಅವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈಯುವುದನ್ನೂ ಬಿಟ್ಟಳು. ನಮಗೆಲ್ಲ ಅದೇ ಹೆದರಿಕೆಯಾದದ್ದು.

ಆಗಸ್ಟಿನಲ್ಲಿ ಮಾರ್ಕುಸಿ ಬಂದ. ಹೊಸ ಬಣ್ಣ ಬಳಿದ ದೋಣಿ. ಅವನು ದಡಕ್ಕೆ ಕಾಲಿಡುವ ಮೊದಲೇ ಲೀಟಿಯಾ ಎಡಗೈಯಲ್ಲಿ, ಹಲ್ಲಿನಿಂದ ಗಂಟು ಬಿಗಿದು, ಹುಡುಗಿಯ ಬಟ್ಟೆಯ ಮೂಟೆ ಕಟ್ಟಿಟ್ಟಿದ್ದಳು. ಸಿವುವಾಕ್ ಅಳುತ್ತಿರಲಿಲ್ಲ. ಮುದುಕಿಯ ಗಲ್ಲ ಹಿಡಿದು, "ನಾನಿಲ್ಲ ಅಂತ ಊಟ ಬಿಡಬೇಡ ಮಗಳೇ" ಅಂತ ಬುದ್ಧಿ ಹೇಳುತ್ತಿತ್ತು.

ಅಕಿನಿಸಿ ಡೇರೆಯ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. ಒಳಗೆ ಹೋಗಿ ಮೂಟೆಯ ಗಂಟು ಬಿಚ್ಚಿದಳು.

ಲೀಟಿಯಾ ಎದ್ದು ನಿಂತಳು. ನಡುಗಡ್ಡೆಯಿಂದ ಬಂದ ಮೇಲೆ ಮೊದಲ ಸಲ ಅವಳ ದನಿ ಹಿಂದಿನಂತೆ ಏರಿತು. "ಏನೇ ಮಾಡ್ತಿದ್ದೀಯಾ? ಹೋಗು ಅಂದ್ನಲ್ಲ! ನಾನೇನು ಅಡ್ಡ ಬಂದ್ನಾ?"

"ನೀವು ಅಡ್ಡ ಬಂದಿದ್ರೆ ಹೋಗ್ತಿದ್ದೆ ಅತ್ತೆ" ಅಂದಳು ಅಕಿನಿಸಿ. "ಜಗಳ ಆಡ್ಕೊಂಡು ಹೋಗ್ತಿದ್ದೆ. ಈಗ ಹೇಗೆ ಹೋಗ್ಲಿ, ನೀವೇ ಹೇಳಿ."

ದಡದಲ್ಲಿ ಮಾರ್ಕುಸಿ ಕೇಳಿದ, "ಬರ್ತೀಯಾ, ಇಲ್ವಾ?"

"ಈ ವರ್ಷ ಆಗಲ್ಲ."

"ಬರೋ ವರ್ಷ?"

ಅವಳು ಡೇರೆಯ ಕಡೆ ನೋಡಿದಳು. ಮುದುಕಿಯನ್ನೂ ಕರೆದುಕೊಂಡು ಬಾ ಅಂತ ಅವನೂ ಹೇಳಿ ನೋಡಿದ, ಒಳ್ಳೆಯ ಮನುಷ್ಯ. ಲೀಟಿಯಾ ಈ ನಡುಗಡ್ಡೆಗಳನ್ನು ಬಿಟ್ಟು ಬರುವವಳಲ್ಲ ಅಂತ ಮೂವರಿಗೂ ಗೊತ್ತಿತ್ತು. ಗಾಳಿಗಾಗಿ ಕೆಲವು ದಿನ ಕಾದು ಅವನು ಹೊರಟುಹೋದ. ಅವನ ದೋಣಿ ಹೋಗುವಾಗ ಅಕಿನಿಸಿ ನನ್ನ ಪಕ್ಕ ಕೂತು ಬಾತಿನ ಚರ್ಮ ಕೆರೆಯುತ್ತಿದ್ದಳು. ತಲೆ ಎತ್ತಲಿಲ್ಲ. ಕೆರೆದು ಕೆರೆದು ಆ ಚರ್ಮ ತೂತಾಯಿತು. ಲೀಟಿಯಾ ಅದನ್ನು ನೋಡಿ, "ಈ ಕೈಗೆ ಚಾಕು ಕೊಟ್ಟವರು ಯಾರು?" ಅಂದಳು. ನಮಗೆ ಎಷ್ಟು ಸಮಾಧಾನವಾಯಿತೆಂದರೆ ಒಬ್ಬಳು ಅತ್ತೇಬಿಟ್ಟಳು.

ಅದಾದ ಮೇಲೆ ಹದಿನಾಲ್ಕೋ ಹದಿನೈದೋ ವರ್ಷ ಅವರು ಒಟ್ಟಿಗೆ ಬದುಕಿದರು. ಮುದುಕಿ ಹೇಳಿಕೊಡುತ್ತಿದ್ದಳು, ಸೊಸೆ ಹೊಲಿಯುತ್ತಿದ್ದಳು, ಇಬ್ಬರೂ ಮೂರು ಹೊತ್ತು ಜಗಳವಾಡುತ್ತಿದ್ದರು. ಅಕಿನಿಸಿ ಮತ್ತೆ ಮದುವೆಯಾಗಲಿಲ್ಲ. ಕೆಲವು ಚಳಿಗಾಲಗಳಲ್ಲಿ ಅವಳಿಗೆ ಏನೋ ಆಗುತ್ತಿತ್ತು. ಕೆಲಸ ಬಿಟ್ಟು ಹಿಮಗಡ್ಡೆಯ ಅಂಚಿನವರೆಗೆ ನಡೆದು ಹೋಗಿ, ಪೂರ್ವಕ್ಕೆ ಮುಖ ಮಾಡಿ ನಿಂತು ವಾಪಸ್ ಬರುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ. ಲೀಟಿಯಾ ಕೂಡ ಆ ದಿನಗಳಲ್ಲಿ ಅವಳಿಗೆ ಬೈಯುತ್ತಿರಲಿಲ್ಲ. ಚಹಾ ಕಾಯಿಸಿ ಇಟ್ಟಿರುತ್ತಿದ್ದಳು.

ಲೀಟಿಯಾ ತೀರಿಕೊಂಡ ಮೇಲೆ, ಸಿವುವಾಕ್‌ಗೆ ಗಂಡ ಮಕ್ಕಳೆಲ್ಲ ಆದ ಮೇಲೆ, ಅಕಿನಿಸಿ ಒಂದು ಬೇಸಿಗೆ ಯಾರದೋ ದೋಣಿಯಲ್ಲಿ ದೊಡ್ಡ ನೆಲಕ್ಕೆ ಹೋದಳು. ಮಾರ್ಕುಸಿಗೆ ಆಗಲೇ ಬೆಳೆದ ಮಕ್ಕಳಿದ್ದರು. ಅವನ ಹೆಂಡತಿ ಮೀನು ಬೇಯಿಸಿ ಹಾಕಿದಳಂತೆ. ಒಂದು ವಾರಕ್ಕೇ ವಾಪಸ್ ಬಂದಳು.

"ಹೇಗಿದೆ ಆ ಕಡೆ?" ಅಂತ ಕೇಳಿದೆ.

"ಮರಗಳು ಕಣೇ" ಅಂದಳು. "ಎಲ್ಲಿ ನೋಡಿದ್ರೂ ಕಣ್ಣಿಗೆ ಅಡ್ಡ ಬರ್ತವೆ. ಅಲ್ಲಿಯವರು ಅದರ ಮಧ್ಯೆ ಹೇಗೆ ಉಸಿರಾಡ್ತಾರೋ." ಆಮೇಲೆ, "ಅಭ್ಯಾಸ ಆಗ್ತಿತ್ತೇನೋ, ಚಿಕ್ಕ ವಯಸ್ಸಲ್ಲಿ ಹೋಗಿದ್ರೆ" ಅಂದು, ಬೂಟಿನಿಂದ ಕೆಸರು ಬಡಿದು ಒಳಗೆ ಹೋದಳು.